ಡೇಗೆಯ ಮೂರು ಟೋಪಿ

ಕುವೈತ್ ವಿಮಾನ ನಿಲ್ದಾಣದ ಕಸ್ಟಮ್ಸ್ ಸಾಲಿನಲ್ಲಿ ಹೆಂಡತಿಯೊಂದಿಗೆ ನಿಂತಿದ್ದ ಮುದುಕ ಫಲಾಹನ ಪೆಟ್ಟಿಗೆಯಿಂದ ತೊಗಲಿನ ಮೂರು ಪುಟ್ಟ ಟೋಪಿಗಳು ಹೊರಬಂದವು. ಸ್ಪೇನಿನಲ್ಲಿ ಕೊಂಡವು, ಬೇಟೆಯ ಹಕ್ಕಿ ಡೇಗೆಯ ಕಣ್ಣು ಮುಚ್ಚುವಂಥವು.

"ಮಾರೋದಕ್ಕಾ, ಚಿಕ್ಕಪ್ಪಾ?" ಎಂದ ಅಧಿಕಾರಿ.

"ಛೆ ಛೆ, ನನ್ನ ಹಕ್ಕಿಗೇ ಮಗಾ."

"ಎಷ್ಟು ಹಕ್ಕಿ ಇವೆ?"

ಫಲಾಹ್ ಹೆಂಡತಿಯತ್ತ ಓರೆಗಣ್ಣಲ್ಲಿ ನೋಡಿ ಕೆಮ್ಮಿದ.

"ಒಂದೇ," ಎಂದಳು ಹೆಸ್ಸಾ. "ಇನ್ನೊಂದು ತಂದ್ರೆ ತವರಿಗೆ ಹೋಗ್ತೀನಿ ಅಂದಿದ್ದೆ. ನೆನಪಿದೆ ತಾನೇ?"

"ಒಂದು ಹಕ್ಕಿಗೆ ಮೂರು ಟೋಪಿನಾ? ಹಾಗಾದ್ರೆ ಇದು ವ್ಯಾಪಾರವೇ. ಇಲ್ಲೇ ಬಿಟ್ಟು ಹೋಗಿ."

"ಪಾಪ, ಹೊತ್ತಿಗೊಂದು ಹಾಕ್ಕೊಳ್ಳುತ್ತೋ ಏನೋ," ಎಂದಳು ಹೆಸ್ಸಾ. "ನನ್ನ ಹತ್ರಾನೇ ಅಷ್ಟು ಮುಸುಕಿಲ್ಲಪ್ಪ."

ಫಲಾಹ್ ಟೋಪಿಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ನೆಲ ನೋಡಿದ.

"ಮೂರಿವೆ. ಎರಡನ್ನ ತಮ್ಮನ ಡೇರೆಯಲ್ಲಿ ಇಟ್ಟಿದೀನಿ."

ಅಧಿಕಾರಿ ನಗು ನುಂಗಿಕೊಂಡು ಪೆಟ್ಟಿಗೆ ಮುಚ್ಚಿ, "ಹೋಗ್ಬನ್ನಿ ಚಿಕ್ಕಪ್ಪಾ, ದೇವರು ಕಾಪಾಡ್ಲಿ," ಎಂದ.

ಹೆಸ್ಸಾ ಗಾಡಿ ತಳ್ಳಿಕೊಂಡು ಹೊರಟಳು. ಫಲಾಹ್ ಹಿಂದೆಯೇ ಓಡಿದ.

"ಕೋಪ ಬಂತೇನೇ?"

"ಎರಡು ವರ್ಷದಿಂದ ಆ ಎರಡಕ್ಕೂ ಪಾರಿವಾಳದ ಮಾಂಸ ಕಳಿಸ್ತಾ ಇರೋದು ಯಾರು ಅಂದ್ಕೊಂಡಿದೀರಿ? ಆ ನಿಮ್ಮ ಜಿಪುಣ ತಮ್ಮನಾ?"