ಹೆಗಲ ಮೇಲಿದ್ದ ತಮಟೆ

ನಗಬ್ಯಾಡ ಕಣ್ಲಾ. ಬದುಕಿರೋ ಮೇಷ್ಟ್ರನ್ನ ರೇಡಿಯೋದಲ್ಲಿ ಸತ್ತೋದ್ರು ಅಂತ ಓದ್ಬುಟ್ಟು, ನಾಳೆ ತಿದ್ದಿ ಓದಿದ್ರಾಯ್ತು ತಾತ ಅಂತೀಯಲ್ಲ. ಮೈಸೂರಲ್ಲಿ ಸುದ್ದಿ ಓದೋ ಕೆಲಸ ಸಿಕ್ಕೈತೆ, ಸಂತೋಷ. ಕೂತ್ಕೋ ಇಲ್ಲಿ. ಇದನ್ನ ನಿಮ್ಮಜ್ಜಿಗೂ ಪೂರ್ತಿ ಹೇಳಿಲ್ಲ ನಾನು.

ಹಿಂದಿನ ಮಾರಾಜ್ರ ಕಾಲದಲ್ಲಿ ಚನ್ನಪಟ್ಟಣದ ಪೇಟೇಲಿ ಡಂಗುರ ಹಾಕ್ತಿದ್ದೋನು ನಾನು, ಗೊತ್ತಲ್ಲ. ರೇಡಿಯೋ ಎಲ್ಲಿತ್ತು ಆಗ, ನಾನೇ ರೇಡಿಯೋ. ಕಂದಾಯದ ಅಧಿಕಾರಿ ಶೇಕದಾರ್ರು ಹೇಳಿದ್ದನ್ನ ಅವರ ಮುಂದೆ ಮೂರು ಸಲ ಒಪ್ಪಿಸ್ಬೇಕು. ಆಮೇಲೆ ಪೇಟೇಲಿ ಏಳು ಕಡೆ, ಅಲ್ಲ, ಎಂಟು, ಕುಂಬಾರಬೀದಿ ಮರ್ತೆ, ಎಂಟು ಕಡೆ ನಿಂತು ಸಾರಬೇಕು. ನಮ್ಮಪ್ಪ ಕಲಿಸಿದ್ದು ಒಂದೇ. ತಮಟೆ ಹೆಗಲಲ್ಲಿದ್ದಾಗ ನೀನಾಡೋದು ಸರ್ಕಾರದ ಮಾತು. ಯಾರಾದ್ರೂ ಅದರ ಮೇಲೊಂದು ಮಾತು ಕೇಳಿದ್ರೆ, ತಮಟೆ ಇಳಿಸಿ ನೆಲದ ಮ್ಯಾಲಿಡು, ಗೊತ್ತಿಲ್ಲ ಅನ್ನು, ಎತ್ಕೊಂಡು ಮುಂದಕ್ಕೋಗು. ಅಷ್ಟೇ.

ಪ್ಲೇಗು ಬಂದಿದ್ದ ವರ್ಷ ಅದು. ಮನೇಲಿ ಇಲಿ ಸತ್ತುಬಿತ್ತು ಅಂದ್ರೆ ಮನೆಯೋರು ಸಾಮಾನು ಹೊತ್ಕೊಂಡು ಆಚೆ ಹೋಗೋರು, ಆ ಮನೆ ಹತ್ರ ನಾಯೀನೂ ಸುಳೀತಿರಲಿಲ್ಲ. ನಂಗೆ ಕೊಟ್ಟಿದ್ದ ಮಾತು ಇಷ್ಟು: ಬಣ್ಣದ ಗೊಂಬೆ ಕಡೆಯೋರ ಬೀದೀಲಿ ಇಲಿ ಬಿದ್ದೈತೆ, ನಾಳೆ ಡಾಕ್ಟ್ರು ಬಂದು ನೋಡೋಗಂಟ ಆ ಬೀದಿಗೆ ಯಾರೂ ಹೋಗಬ್ಯಾಡಿ. ಮನೆ ಹೆಸರು ಹೇಳಿರಲಿಲ್ಲ. ಮೂರು ಕಡೆ ಸರಿಯಾಗೇ ಸಾರಿದೆ. ನಾಲ್ಕನೇದು ಜವಳಿ ಅಂಗಡಿ ಮುಂದೆ. ಜನ ಸುತ್ಕೊಂಡ್ರು. ಯಾರ ಮನೇಲಿ ಹೇಳ್ಲಾ, ಬಾಯಿಬಿಡ್ಲಾ, ನಿಂಗೆ ಗೊತ್ತಿಲ್ದೆ ಇರ್ತದಾ ಅಂತ ಒಬ್ಬೊಬ್ಬರೂ ಕೇಳೋರೇ. ದಿನಾ ನನ್ನ ಕಡೆ ತಿರುಗೂ ನೋಡ್ದಿದ್ದ ದೊಡ್ಡ ದೊಡ್ಡ ಸಾವ್ಕಾರ್ರು ನನ್ನ ಮುಖಾನೇ ನೋಡ್ತಾ ನಿಂತವ್ರೆ. ನಂಗೆ ಹಿತವಾಯ್ತು. ಅದೇ ಕಣ್ಲಾ ನಾಚಿಕೆ, ಹಿತವಾಯ್ತು. ಆವತ್ತು ಬೆಳಿಗ್ಗೆ ಗೊಂಬೆ ಕಡೆಯೋ ಚಿಕ್ಕಣ್ಣ ಮನೆ ಸಾಮಾನೆಲ್ಲ ಆಚೆ ಸಾಗಿಸೋದನ್ನ ಕಂಡಿದ್ದೆ. ಅಷ್ಟೇ ಕಂಡಿದ್ದು. ತಮಟೆ ಹೆಗಲಲ್ಲೇ ಇತ್ತು.

"ಚಿಕ್ಕಣ್ಣನ ಮನೇಲಿ," ಅಂದೆ.

ಚಿಕ್ಕಣ್ಣ ಸಾಮಾನು ಸಾಗಿಸ್ತಿದ್ದುದು ಮಗಳ ಮದುವೆಗೆ. ಗೊಂಬೆ ಕಡೆಯೋ ಪಡಸಾಲೆ ಖಾಲಿ ಮಾಡಿ ಸುಣ್ಣ ಹೊಡೆಯೋಣ ಅಂತ. ಎಂಟು ದಿನ ಇತ್ತು ಮದುವೆಗೆ. ಹುಡುಗನ ಕಡೆಯೋರು ಮಾಗಡಿ ಸೀಮೆಯೋರು. ಹುಡುಗನ ಸೋದರಮಾವ ಆವತ್ತು ಧಾರೆ ಸೀರೆ ತರಕ್ಕೆ ಬಂದು ಅದೇ ಜವಳಿ ಅಂಗಡೀಲಿ ಕೂತಿದ್ನಂತೆ. ಸೀರೆ ಅಲ್ಲೇ ಬುಟ್ಟು ಎದ್ದೋದ.

ಮಾರನೇ ದಿನ ಡಾಕ್ಟ್ರು ಬಂದು ನೋಡಿದ್ರೆ ಇಲಿ ಬಿದ್ದಿದ್ದು ಬೀದಿ ಕೊನೇಲಿದ್ದ ಕಾಳಿನ ಉಗ್ರಾಣದಲ್ಲಿ. ಚಿಕ್ಕಣ್ಣನ ಮನೇಲಿ ಏನೂ ಇಲ್ಲ. ಶೇಕದಾರ್ರು ಬೈಲಿಲ್ಲ. ಎಲ್ಲೆಲ್ಲಿ ಸಾರಿದ್ಯೋ ಅಲ್ಲೆಲ್ಲ ನಿಂತು, ಚಿಕ್ಕಣ್ಣನ ಹೆಸರು ಹೇಳಿದ್ದು ತಪ್ಪು ಅಂತ ಸಾರು ಅಂದ್ರು. ಸಾರಿದೆ. ತಮಟೆ ಸದ್ದು ಕೇಳಿ ಜನ ಬಾಗ್ಲು ಹಾಕ್ಕೊಂಡ್ರು, ಇನ್ಯಾರ ಮನೆ ಹೆಸರು ಬರ್ತದೋ ಅಂತ. ನಾನು ಬರೀ ಬಾಗ್ಲುಗಳಿಗೆ ಹೇಳ್ಕೊಂಡು ಬಂದೆ.

ಅದಾದ ಮ್ಯಾಲೆ ನಡ್ಕೊಂಡೇ ಹುಡುಗನ ಊರಿಗೆ ಹೋದೆ. ತಮಟೆ ಮನೇಲೇ ಬುಟ್ಟಿದ್ದೆ. ದಾರೀಲಿ ಯಾರಾದ್ರೂ ಏನು ಸಾರಕ್ಕೋಯ್ತೀಯ ಅಂತ ಕೇಳಿದ್ರೆ ಹೇಳ್ಬೇಕಲ್ಲ. ಹುಡುಗನ ಅಪ್ಪ ಕಣದಲ್ಲಿ ರಾಗಿ ತೂರ್ತಿದ್ದ. ಹತ್ರ ಹೋಗಿ ಮೆಲ್ಲಗೆ, ಅದು ನನ್ನ ತಪ್ಪು ಸ್ವಾಮಿ, ಆ ಮನೇಲಿ ಏನೂ ಇಲ್ಲ ಅಂದೆ. ಮೊರ ಕೆಳಗಿಟ್ಟ. ನನ್ನ ಹೆಗಲು ನೋಡ್ದ.

"ಆವತ್ತು ಪೇಟೆಗೆಲ್ಲ ಕೇಳಂಗೆ ಬಡ್ಕೊಂಡ್ಯಂತೆ. ಇವತ್ತು ಯಾಕ್ಲಾ ಬರಿಗೈಲಿ ಬಂದು ಕಿವೀಲಿ ಹೇಳ್ತೀಯ? ಯಾವುದನ್ನ ನಂಬ್ಲಿ ನಾನು?"

ವಾಪಸ್ ಬಂದು ತಮಟೆ ತಗೊಂಡೋಗಬೋದಿತ್ತು. ಅವರೂರ ನಡುವೆ ನಿಂತು ಬಡೀಬೋದಿತ್ತು. ಬಡೀಲಿಲ್ಲ. ಕಾಲು ನೋಯ್ತವೆ ಅಂದ್ಕೊಂಡೆ. ಕಾಲಲ್ಲ ಕಣ್ಲಾ ನೋಯ್ತಿದ್ದುದು.

ಊರಿಗೆ ಬಂದಾಗ ಚಿಕ್ಕಣ್ಣ ಮನೇಲಿರಲಿಲ್ಲ. ಅವನ ಮಗಳು ಗೌರಿ ಸುಣ್ಣ ಹೊಡೆದಿದ್ದ ಗೋಡೆ ಹತ್ರ ನಿಂತಿದ್ಲು. ನಾನು ಎಲ್ಲಿಗೋಗಿದ್ದೆ ಅಂತ ಅವಳಿಗೆ ಹ್ಯಾಗೋ ಗೊತ್ತಾಗಿತ್ತು. ಒಂದು ಚೊಂಬು ನೀರು ತಂದು ಕೊಟ್ಟು, ತಲೆ ತಗ್ಗಿಸ್ಕೊಂಡು ಕೇಳಿದ್ಲು.

"ಒಪ್ಪಿದ್ರಾ ಅಣ್ಣ?"

"ಗೊತ್ತಿಲ್ಲ ಕಣವ್ವ," ಅಂದೆ.

ಜವಳಿ ಅಂಗಡಿ ಮುಂದೆ ಆಡಬೇಕಿದ್ದ ಮಾತು ಅದು. ಅಲ್ಲಿ ಆಡಿದ್ರೆ ನಿಜ ಆಗ್ತಿತ್ತು. ಇವಳ ಮುಂದೆ ಸುಳ್ಳಾಯ್ತು. ನೀರು ಮಾತ್ರ ಪೂರ್ತಿ ಕುಡಿದೆ.

ಆ ಮದುವೆ ಆಗಲಿಲ್ಲ. ಮುಂದೇನಾಯ್ತು ಅಂತ ಕೇಳಬ್ಯಾಡ, ನಾನು ಆ ಬೀದೀಲಿ ಮತ್ತೆ ಓಡಾಡಿಲ್ಲ.

ನಾಳೆ ಮೊದಲು ಆ ಮೇಷ್ಟ್ರ ಮನೆಗೋಗಿ ಕೈ ಮುಗಿ. ಆಮೇಲೆ ರೇಡಿಯೋದಲ್ಲಿ ತಪ್ಪಾಯ್ತು ಅಂತ ಓದು. ಸತ್ತರು ಅಂತ ಎಷ್ಟು ಜೋರಾಗಿ ಓದಿದ್ಯೋ ಅಷ್ಟೇ ಜೋರಾಗಿ ಓದು, ಗೊಣಗಬ್ಯಾಡ. ಇನ್ಮ್ಯಾಲೆ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಏಳು, ರೈಲಿಗೆ ಹೊತ್ತಾಯ್ತು.