ಹಿಮ್ಮಡಿಯ ಗುಳಿಯಲ್ಲಿ ನೀರು

ಡೊಮಿನಿಕ್ ಅವರ ಮಡದಿ ಮಯ್ತೆಯವರೇ, ಮನೆಯವರೇ, ಎಲ್ಕೋದಿಂದ ಬಂದಿರುವ ಬಂಧುಗಳೇ, ಅರಣ್ಯಾಧಿಕಾರಿ ಹಾಲ್ವರ್ಸನ್ ಅವರೇ, ನಮ್ಮ ಡ್ರೈ ಫೋರ್ಕ್ ಮೇವು ಸಲಹಾ ಮಂಡಳಿಯ ಗೆಳೆಯರೇ — ನಮಸ್ಕಾರ. ಡೊಮಿನಿಕ್ ಅವರನ್ನು ಬೀಳ್ಕೊಡಲು ಕೆಸರಿನ ದಾರಿಯಲ್ಲೂ ಬಂದಿದ್ದೀರಿ.

ನಾನು ವರ್ಲ್ ಟಿಬೆಟ್ಸ್. ಮಂಡಳಿಯಲ್ಲಿ ಡೊಮಿನಿಕ್ ಉಹಾಲ್ದೆಯವರ ಪಕ್ಕದ ಕುರ್ಚಿ ನನ್ನದು. ಅಳು ಬರುತ್ತಿಲ್ಲ. ಬೆಳಿಗ್ಗೆ ದನಗಳಿಗೆ ಹುಲ್ಲು ಹಾಕಿದೆ — ಅಷ್ಟೇ ನೆನಪು.

ನಮ್ಮ ಮಂಡಳಿಗೆ ಅಧಿಕಾರವಿಲ್ಲ. ಬೆಟ್ಟದ ಕಾಡು, ಅಲ್ಲಿನ ಹುಲ್ಲುಗಾವಲು ಸರ್ಕಾರದ್ದು. ದನಗಳನ್ನು ಯಾವಾಗ ಮೇಲೆ ಮೇಯಲು ಬಿಡಬಹುದೆಂದು ನಾವು ಹೇಳುತ್ತೇವೆ, ಹಾಲ್ವರ್ಸನ್ ಕೇಳಿಸಿಕೊಳ್ಳುತ್ತಾರೆ. ಪ್ರತಿ ವಸಂತದಲ್ಲೂ ಸಭೆಗೆ ಮೊದಲು ನಾವೆಲ್ಲ ಬೇಲಿಯ ಗೇಟಿನವರೆಗೆ ಹತ್ತುತ್ತಿದ್ದೆವು. ಡೊಮಿನಿಕ್ ಹುಲ್ಲುಗಾವಲಿಗೆ ಕಾಲಿಟ್ಟು, ಹಿಮ್ಮಡಿಯನ್ನು — ಹೀಗೆ — ಒತ್ತುತ್ತಿದ್ದರು. ಕಾಲು ತೆಗೆದು, ಟೋಪಿ ಕೈಗೆ ತೆಗೆದುಕೊಂಡು, ನೋಡುತ್ತಾ ನಿಲ್ಲುತ್ತಿದ್ದರು. ಯಾರೂ ಮಾತಾಡುವಂತಿಲ್ಲ. ಗುಳಿಯಲ್ಲಿ ನೀರು ಜಿನುಗಿದರೆ ನೆಲ ಇನ್ನೂ ಹಸಿ. ಗೊರಸು ಬಿದ್ದರೆ ಹುಲ್ಲು ಬೇರುಸಮೇತ ಹೋಗುತ್ತದೆ.

ಒಮ್ಮೆ ನಮ್ಮ ಮಂಡಳಿಯ ಲೋರಿನ್ ರೇಗಿಸಿದ. "ನಿನ್ನ ಭಾರಕ್ಕೆ ನೀರು ಬರ್ತಿದೆ ಮಾರಾಯ. ತೆಳ್ಳಗಿರೋರು ತುಳಿದ್ರೆ ಒಣಗಿರುತ್ತೆ."

"ನಿನ್ನ ಹಸು ನನಗಿಂತ ತೆಳ್ಳಗಿದ್ಯಾ?" ಅಂದರು ಡೊಮಿನಿಕ್.

ಕಳೆದ ಗುರುವಾರ ಅವರೊಬ್ಬರೇ ಹತ್ತಿದ್ದರು. ನಾವು ಹೋದಾಗ ಗೇಟಿಗೆ ಒರಗಿ ಕೂತಿದ್ದರು. ಹೃದಯ ನಿಂತಿತ್ತು. ಟೋಪಿ ಮಡಿಲಲ್ಲಿತ್ತು.

ಮಯ್ತೆಯವರ ಕೊಟ್ಟಿಗೆಯಲ್ಲಿ ಒಣಹುಲ್ಲು ಮುಗಿದಿದೆ. ಇದು ಎಲ್ಲರಿಗೂ ಗೊತ್ತು. ನಿನ್ನೆ ನಾವು ಮಂಡಳಿಯವರು ಅವರ ಅಡುಗೆಮನೆಯಲ್ಲಿ ಕೂತು, ಅವರ ದನಗಳನ್ನು ಮಾತ್ರ ಈಗಲೇ ಬಿಡಲು ಸಲಹೆ ಕೊಡುತ್ತೇವೆ ಎಂದೆವು. ಹಾಲ್ವರ್ಸನ್ ಕೂಡ ತಲೆಯಾಡಿಸಿದರು. ಮಯ್ತೆ ಕಾಫಿ ಬಗ್ಗಿಸುತ್ತಲೇ ಹೇಳಿದರು —

"ನಾನು ಮೇಲೆ ಹೋಗಿ ಬಂದೆ, ವರ್ಲ್. ಗೇಟಿನ ಒಳಗೆ ಅವರ ಹಿಮ್ಮಡಿ ಗುರುತು ಹಾಗೇ ಇದೆ. ನೀರು ನಿಂತಿದೆ. ಅವರು ಅದನ್ನ ನೋಡಿಯೇ ಕೂತಿದ್ದು. ಗೇಟ್ ತೆಗೀಬೇಡಿ."

ಲೋರಿನ್ ಕಾಫಿ ಮುಟ್ಟದೆ ಎದ್ದು ಹೋದ. ಈಗ ಹೊರಗೆ ನಿಂತಿದೆಯಲ್ಲ ಹುಲ್ಲಿನ ಲಾರಿ — ಅವನದು. ಅದರಲ್ಲಿ ಇನ್ನೂ ಜಾಗವಿದೆ. ನಿಮ್ಮಲ್ಲಿ ಇರುವಷ್ಟು ಒಣಹುಲ್ಲು ಹೇರಿ. ಮಯ್ತೆಯವರೇ, ಇದನ್ನು ಬೇಡ ಅನ್ನಬೇಡಿ. ದನ ನಿಮ್ಮವೇ, ಆದರೆ ನೀವು ಉಳಿಸಿದ ಬೆಟ್ಟದ ಹುಲ್ಲಿನಿಂದ ಬದುಕುವವರು ನಾವೆಲ್ಲ.

ಹಾಲ್ವರ್ಸನ್ ಅವರೇ, ಮಂಡಳಿಯ ಸಲಹೆ ಇದು: ಗೇಟ್ ಮುಚ್ಚಿರಲಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೋಪಿ ಕೈಗೆ ತೆಗೆದುಕೊಳ್ಳಿ. ಗುಳಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಅವರು ಕಾಯುತ್ತಿದ್ದರಲ್ಲ — ಅಷ್ಟು ಹೊತ್ತು, ಮಾತು ಬೇಡ.