ಜೋಳದ ಹೊಲದ ಸಿ.ಡಿ.

ಹುಕ್ಕೇರಿ ಬಸ್ ನಿಲ್ದಾಣದಲ್ಲಿ ಕಾದು ಬೇಸತ್ತಿದ್ದ ಐಶ್ವರ್ಯಳಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಒಬ್ಬರು ಹಾಲಿನ ಸಂಘದ ಸೆಕ್ರೆಟರಿ, ಇನ್ನೊಬ್ಬ ಕಂಪ್ಯೂಟರ್ ರಿಪೇರಿಯ ಕಿಶೋರ.

"ಸಂಘದ ಕಂಪ್ಯೂಟರಿನ್ಯಾಗ ಸಾಫ್ಟ್‌ವೇರ್ ಕುಂತೈತೇನೋ ಕಿಶೋರ?"

"ಕುಂತೈತ್ರಿ ಸಾಹೇಬ್ರ. ಆ ಲಿನಕ್ಸ್ ಸರ್ವರ್ ಭಾಳ ಹಳೇದು. ಅದರ ಫೈಲು ಈಗ ನೆಟ್‌ನ್ಯಾಗ ಎಲ್ಲೂ ಸಿಗಂಗಿಲ್ಲ. ಮೊದಲ ಅದನ್ನ ನೋಡ್ಕೋತಿದ್ದ ಮಾಯಪ್ಪ ಕಾಕಾನ ಸಿ.ಡಿ.ನ ಗತಿ ಆತು."

"ಅಂವಾ ತೀರಿ ಮೂರ ವರ್ಷಾತು. ಸಿ.ಡಿ. ಎಲ್ಲಿತ್ತು?"

"ಅವರ ಹೆಂಡ್ತಿ ಪದ್ಮವ್ವ ಹಕ್ಕಿ ಬೆದರ್ಸಾಕಂತ ಜ್ವಾಳದ ಹೊಲದಾಗ ಕಟ್ಟಿದ್ರು. ನಿನ್ನಿ ಮಧ್ಯಾಹ್ನ ಒಂದ ಎಲಿನೂ ಅಲುಗಾಡವಲ್ದಾಗಿತ್ತಂತ, ಸಿ.ಡಿ. ಮಾತ್ರ ಗಿರಗಿರ ತಿರಗಾಕತ್ತಿತ್ತಂತ. ಅಂಜಿ ಬಿಚ್ಚಿಟ್ಟಿದ್ರು."

"ದಾರದ ಹುರಿ ಬಿಚ್ಚಿರಬೇಕು ಬಿಡೋ."

"ನಾನೂ ಹಂಗ ಅಂದ್ಕೊಂಡೆ. ಆದ್ರ ಸರ್ವರ್ ಮುಂದ ಕುಂತು ಕಡೀಕ ಯಾರು ಲಾಗಿನ್ ಆಗಿದ್ರು ಅಂತ ಅದ ತೋರಸ್ತೈತ್ರಿ."

"ಯಾರ ಹೆಸರಿತ್ತು?"

"ಮಾಯಪ್ಪ. ನಿನ್ನಿ ಮಧ್ಯಾಹ್ನ."

ಸೆಕ್ರೆಟರಿ ಕಿಸೆ ಮುಟ್ಟಿ ನೋಡಿಕೊಂಡರು. "ಮುಂಜಾನಿ ಹಾಲು ಅಳದ ಮ್ಯಾಲ ಸಂಜೀತನಕ ಸಂಘದ ಬಾಗಲಕ್ಕ ಕೀಲಿ ಹಾಕಿರ್ತೇನಿ. ನಿನ್ನೀನೂ ಚಾವಿ ನನ್ನ ಕಿಸೆದಾಗ ಇತ್ತು."

ಗೋಕಾಕದ ಬಸ್ಸು ಬಂತು. ಹತ್ತುವ ಮುಂಚೆ ಸೆಕ್ರೆಟರಿ ಚಾವಿ ತೆಗೆದು ಕಿಶೋರನ ಅಂಗೈಗಿಟ್ಟರು.

"ಸಂಜೀಕ ಹೊಳ್ಳಿ ಬರ್ತೇನಿ. ಬಾಗಲಾ ಮಾತ್ರ ನೀನ ತಗಿಯಪ್ಪಾ."